ಜನರಲ್ ತಿಮ್ಮಯ್ಯ ಮತ್ತು ದಿನಕ್ಕೆ ನಾಲ್ಕು ಕಿಲೋಮೀಟರ್

1948ರ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ದೇಶದ ಸೈನ್ಯ ಎರಡು ದಿಕ್ಕಿನಲ್ಲಿ ಮುಂದೆ ಹೋಗಲು ನೋಡುತ್ತಿತ್ತು. ಒಂದು ದಂಡು ಸೊಲ್ಲಾಪುರದಿಂದ ಹೈದರಾಬಾದಿಗೆ ಹೊರಟಿತ್ತು. ದೂರ ಸುಮಾರು 300 ಕಿಲೋಮೀಟರ್. 13ನೇ ತಾರೀಖು ನಸುಕಿನಲ್ಲಿ ಗಡಿ ದಾಟಿದ ಟ್ಯಾಂಕು, ಲಾರಿಗಳು 18ರಂದು ಹೈದರಾಬಾದ್ ಸೇರಿದವು. ಅದಕ್ಕೂ ಒಂದು ದಿನ ಮೊದಲೇ ನಿಜಾಮರ ಕಡೆಯವರು ಗುಂಡು ನಿಲ್ಲಿಸಿದ್ದರು. ಲೆಕ್ಕ ಹಾಕಿದರೆ ದಿನಕ್ಕೆ 60 ಕಿಲೋಮೀಟರ್ ಬೀಳುತ್ತದೆ. ಅಂದರೆ ಬಾಗಲಕೋಟೆಯಿಂದ ಹೊರಟು ಹುನಗುಂದ ದಾಟಿ ಇಲಕಲ್ ಮುಟ್ಟಿದಷ್ಟು, ಅದೂ ದಿನಾ.

ಇನ್ನೊಂದು ದಂಡು ಕಾಶ್ಮೀರದ ಜೋಜಿಲಾ ಕಣಿವೆಯ ಬಾಯಲ್ಲಿ ನಿಂತಿತ್ತು. ಅದೇ ತಿಂಗಳು ಅದು ಮೇಲಿಂದ ಮೇಲೆ ದಾಳಿ ಮಾಡಿತು. ಮುಂದೆ ಹೋದದ್ದು ಹೆಚ್ಚೂಕಡಿಮೆ ಸೊನ್ನೆ. ಸೈನಿಕರು ಒಂದೇ ದೇಶದವರು, ತರಬೇತಿಯೂ ಒಂದೇ. ಆದರೂ ಒಬ್ಬರಿಗೆ ದಿನಕ್ಕೆ 60 ಕಿಲೋಮೀಟರ್, ಇನ್ನೊಬ್ಬರಿಗೆ ಸೊನ್ನೆ.

ಈ ಎರಡನೇ ದಂಡಿನ ಮೇಲಧಿಕಾರಿಯಾಗಿದ್ದವರು ನಮ್ಮ ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಅವರ ಹೆಸರಿಟ್ಟಿದ್ದಾರೆ, ಆದರೂ ಆಟೋದವರಿಗೆ ರಿಚ್ಮಂಡ್ ರಸ್ತೆ ಅಂದರೇನೇ ತಿಳಿಯುವುದು. ಅವರ ಜೀವನ ಓದುತ್ತ ಹೋದಾಗ ನನಗೆ ಅದು ಬರೀ ಶೌರ್ಯದ ಕತೆ ಅನ್ನಿಸಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ. ನನಗೆ ಅದು ಸಾಗಾಟದ ಖಾತೆಯ ಹಾಗೆಯೂ ಕಂಡಿತು. ಎಷ್ಟು ಸರಕು, ಯಾವ ದಾರಿ, ಎಷ್ಟು ದಿನ, ಯಾವ ದಿನದೊಳಗೆ ಮುಟ್ಟದಿದ್ದರೆ ಎಷ್ಟು ನಷ್ಟ. ಅವರ ಬದುಕಿನ ಪ್ರತಿ ತಿರುವಿನಲ್ಲೂ ಈ ಪ್ರಶ್ನೆ ಇದೆ. ಹಾಗಾಗಿ ಅದೇ ದಾರಿಯಲ್ಲಿ ಬರೆಯುತ್ತೇನೆ.

ಅವರು ಹುಟ್ಟಿದ್ದು ಮಡಿಕೇರಿಯಲ್ಲಿ, 1906ರ ಮಾರ್ಚ್ ತಿಂಗಳ ಕೊನೆಯಲ್ಲಿ. ಕಾಫಿ ತೋಟದ ಅನುಕೂಲಸ್ಥ ಮನೆ. ತಾಯಿ ಓದಿದವರು, ಸಮಾಜ ಸೇವೆಗಾಗಿ ಕೈಸರ್-ಎ-ಹಿಂದ್ ಪದಕ ಪಡೆದವರು. ಹುಡುಗನನ್ನು ಎಂಟು ವರ್ಷಕ್ಕೇ ಕೂನೂರಿನ ಶಾಲೆಗೆ, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಹಾಕಿದರು. 1922ರಲ್ಲಿ ಡೆಹ್ರಾಡೂನಿನಲ್ಲಿ ಭಾರತೀಯ ಹುಡುಗರಿಗಾಗಿ ಸೈನಿಕ ಶಾಲೆ ತೆರೆದಾಗ ಮೊದಲ ತಂಡದಲ್ಲಿ ತಿಮ್ಮಯ್ಯನವರೂ ಇದ್ದರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾಗಿ ಹೊರಬಂದರು. ಆಗ ಬ್ರಿಟಿಷರ ಸೈನ್ಯದಲ್ಲಿ ಭಾರತೀಯ ಅಧಿಕಾರಿಗಳೆಂದರೆ ಕೈಬೆರಳಲ್ಲಿ ಎಣಿಸುವಷ್ಟು. ಅವರು ಸೇರಿದ ಪಡೆಯ ಹೆಸರು 19ನೇ ಹೈದರಾಬಾದ್ ರೆಜಿಮೆಂಟ್. ಹೆಸರು ಹೈದರಾಬಾದಿನದು, ನಿಜಾಮರ ಸೈನ್ಯ ಅಲ್ಲ. ಮುಂದೆ ಅದೇ ಕುಮಾವೂನ್ ರೆಜಿಮೆಂಟ್ ಆಯಿತು.

ಮೊದಲ ಹತ್ತು ಹನ್ನೆರಡು ವರ್ಷ ಬಾಗ್ದಾದ್, ವಾಯವ್ಯ ಗಡಿ, ಕ್ವೆಟ್ಟಾ ಅಂತ ತಿರುಗಾಟ. 1935ರಲ್ಲಿ ನೀನಾ ಅವರ ಜೊತೆ ಮದುವೆ. ಅದೇ ವರ್ಷ ಮೇ 31ರ ನಸುಕಿನಲ್ಲಿ ಕ್ವೆಟ್ಟಾ ಊರೇ ಭೂಕಂಪಕ್ಕೆ ಕುಸಿಯಿತು. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಇಬ್ಬರೂ ಗಾಯಾಳುಗಳ ಸೇವೆಗೆ ನಿಂತರು. ಅದಕ್ಕಾಗಿ ಪದಕ ಬಂದದ್ದು ನೀನಾ ಅವರಿಗೆ, ಅತ್ತೆಗೆ ಬಂದಿದ್ದ ಅದೇ ಕೈಸರ್-ಎ-ಹಿಂದ್.

ಆ ಕಾಲದಲ್ಲಿ ಸೈನ್ಯ ಎಂದರೆ ಇನ್ನೂ ಕಾಲ್ನಡಿಗೆಯೇ. ನಮ್ಮ ಬಾದಾಮಿಯನ್ನೇ ನೋಡಿ. 642ರಲ್ಲಿ ಪಲ್ಲವರ ಸೈನ್ಯ ಕಂಚಿಯಿಂದ ಬಂದು ಬಾದಾಮಿಯನ್ನು ಹಿಡಿಯಿತು. ಆ ಸೈನ್ಯದ ವೇಗ ಮನುಷ್ಯನ ಕಾಲಿನ ವೇಗ, ಸಾಮಾನು ಹೊತ್ತ ಎತ್ತಿನ ವೇಗ. 1818ರಲ್ಲಿ ಥಾಮಸ್ ಮನ್ರೋ ಬಾದಾಮಿ ಕೋಟೆ ಹಿಡಿದಾಗಲೂ ಅಷ್ಟೇ, ಫಿರಂಗಿ ಎಳೆದದ್ದು ಎತ್ತುಗಳು. ಹನ್ನೊಂದು ನೂರಕ್ಕೂ ಹೆಚ್ಚು ವರ್ಷದಲ್ಲಿ ಆಯುಧ ಬದಲಾಯಿತು, ನಡಿಗೆ ಬದಲಾಗಲಿಲ್ಲ. ತಿಮ್ಮಯ್ಯನವರು ಸೇನೆ ಸೇರಿದಾಗ ಅದು ಬದಲಾಗುವ ಹೊತ್ತು ಬಂದಿತ್ತು.

1940ರ ಮೇ ತಿಂಗಳಲ್ಲಿ ಜಗತ್ತು ಅದನ್ನು ಕಣ್ಣಾರೆ ಕಂಡಿತು. ಜರ್ಮನಿಯ ಟ್ಯಾಂಕು ಪಡೆಗಳು ಮೇ 13ರಂದು ಫ್ರಾನ್ಸಿನ ಸೆಡಾನ್ ಹತ್ತಿರ ಹೊಳೆ ದಾಟಿದವು. ಮೇ 20ಕ್ಕೆ ಅಬ್ಬೆವಿಲ್ ತಲುಪಿ ಸಮುದ್ರದ ದಂಡೆ ಮುಟ್ಟಿದವು. ಏಳು ದಿನಕ್ಕೆ 250 ಕಿಲೋಮೀಟರ್ ಆಸುಪಾಸು. ಫ್ರೆಂಚರ ಸೈನ್ಯ ಚಿಕ್ಕದಾಗಿರಲಿಲ್ಲ, ಆದರೆ ಅವರ ಆದೇಶ ಒಂದು ಊರಿಗೆ ಮುಟ್ಟುವಷ್ಟರಲ್ಲಿ ಆ ಊರು ಕೈಬಿಟ್ಟು ಹೋಗಿರುತ್ತಿತ್ತು. ಸಿನಿಮಾದಲ್ಲಿ ತೋರಿಸದ ಒಂದು ಸಂಗತಿ ಇಲ್ಲಿದೆ. ಜರ್ಮನ್ ಸೈನ್ಯದ ಬಹುಪಾಲು ಆಗಲೂ ನಡೆದೇ ಹೋಗುತ್ತಿತ್ತು. ಮರುವರ್ಷ ರಷ್ಯಾದ ಮೇಲೆ ಹೋದಾಗ ಅವರ ಜೊತೆ ಆರು ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು. ಮೊದಲ ವಾರ ಮಿನ್ಸ್ಕ್ ತನಕ ಓಡಿದರು, ಅಕ್ಟೋಬರಿನ ಮಳೆಗೆ ರಾಡಿಯಲ್ಲಿ ಸಿಕ್ಕಿಬಿದ್ದರು. ಹೊಲದ ಎರೆ ಮಣ್ಣು ಮಳೆಗಾಲದಲ್ಲಿ ಚಕ್ಕಡಿಯ ಗಾಲಿಯನ್ನು ಹೇಗೆ ಹಿಡಿಯುತ್ತದೆ ಎಂದು ಹುನಗುಂದದ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಜಪಾನಿನವರು ಇನ್ನೊಂದು ಉಪಾಯ ಮಾಡಿದರು. 1941ರ ಡಿಸೆಂಬರ್ 8ರಂದು ಮಲಯದಲ್ಲಿ ಇಳಿದವರು ಜನವರಿ 31ಕ್ಕೆ ಸಿಂಗಾಪುರದ ಎದುರಿನ ದಂಡೆಗೆ ಬಂದು ನಿಂತರು. ಸಾವಿರ ಕಿಲೋಮೀಟರ್, 55 ದಿನ. ಸಾವಿರಾರು ಸೈನಿಕರು ಬಂದದ್ದು ಸೈಕಲ್ ತುಳಿದುಕೊಂಡು! ಸೈಕಲ್ಲಿಗೆ ಪೆಟ್ರೋಲ್ ಬೇಡ. ಸೇತುವೆ ಮುರಿದಿದ್ದರೆ ಹೆಗಲ ಮೇಲೆ ಹೊತ್ತು ಹೊಳೆ ದಾಟಬಹುದು. ತಿಮ್ಮಯ್ಯನವರ ಪಡೆ ಆಗ ಮಲಯದಲ್ಲೇ ಇತ್ತು, ಆದರೆ ಅವರನ್ನು ಅದಕ್ಕೆ ಮೊದಲೇ ಭಾರತಕ್ಕೆ ವಾಪಸ್ ಕಳಿಸಿದ್ದರು. ಅವರ ಸಹೋದರರೊಬ್ಬರು ಮಾತ್ರ ಅಲ್ಲಿ ಸೆರೆಯಾಗಿ ನೇತಾಜಿಯವರ ಆಜಾದ್ ಹಿಂದ್ ಫೌಜ್ ಸೇರಿದರು. ಒಂದೇ ತಾಯಿಯ ಮಕ್ಕಳು ಎದುರುಬದುರು ಸೈನ್ಯದಲ್ಲಿ. ಆ ಮನೆಯಲ್ಲಿ ಆ ದಿನಗಳು ಹೇಗಿದ್ದವೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ತಿಮ್ಮಯ್ಯನವರು ಹೆಸರು ಮಾಡಿದ್ದು ಬರ್ಮಾದ ಅರಾಕಾನ್ ಕರಾವಳಿಯಲ್ಲಿ. ಕೆಸರು, ಕಾಂಡ್ಲಾ ಕಾಡು, ಉಪ್ಪುನೀರಿನ ಕಾಲುವೆಗಳು. 1945ರ ಜನವರಿಯಲ್ಲಿ ಕಾಂಗಾವ್ ಎಂಬಲ್ಲಿ ದೊಡ್ಡ ಕಾಳಗ ನಡೆಯಿತು. ಅಲ್ಲಿದ್ದ ಒಂದು ಬ್ರಿಗೇಡಿನ ಮೂರೂ ತುಕಡಿಗಳಿಗೆ ಭಾರತೀಯರೇ ನಾಯಕರು: ತಿಮ್ಮಯ್ಯ, ಎಸ್. ಪಿ. ಪಿ. ಥೋರಾಟ್, ಎಲ್. ಪಿ. ಸೇನ್. ಮೂವರಿಗೂ ಡಿ.ಎಸ್.ಒ. ಪದಕ ಬಂತು. ಭಾರತೀಯರು ದೊಡ್ಡ ಪಡೆಯನ್ನು ನಡೆಸಲಾರರು ಎಂಬ ಬ್ರಿಟಿಷರ ಹಳೆಯ ಮಾತು ಅಲ್ಲಿಗೆ ಬಿದ್ದುಹೋಯಿತು. ಆಮೇಲೆ ತಿಮ್ಮಯ್ಯನವರಿಗೆ ಒಂದು ಇಡೀ ಬ್ರಿಗೇಡ್ ಕೊಟ್ಟರು. ಆ ಮಹಾಯುದ್ಧದಲ್ಲಿ ರಣರಂಗದಲ್ಲಿ ಬ್ರಿಗೇಡ್ ನಡೆಸಿದ ಭಾರತೀಯ ಅವರೊಬ್ಬರೇ.

ಕಾಂಗಾವ್‌ನಲ್ಲಿ ಕೆಲವೇ ಕಿಲೋಮೀಟರಿಗೆ ವಾರಗಟ್ಟಲೆ ಹಿಡಿಯಿತು. ಅದೇ ಬರ್ಮಾದ ನಡುಭಾಗದಲ್ಲಿ ಅದೇ ವರ್ಷ ಏಪ್ರಿಲ್‌ನಲ್ಲಿ ಜನರಲ್ ಸ್ಲಿಮ್ ಅವರ ಸೈನ್ಯ ರಂಗೂನ್ ಕಡೆಗೆ ಓಡಿತು. ಮೂರು ವಾರದೊಳಗೆ ಸುಮಾರು 400 ಕಿಲೋಮೀಟರ್. ಓಡಲೇಬೇಕಿತ್ತು, ಯಾಕೆಂದರೆ ಮುಂಗಾರು ಬರುವುದರೊಳಗೆ ಬಂದರು ಸಿಗದಿದ್ದರೆ ಅಷ್ಟು ಜನಕ್ಕೆ ಅನ್ನ ಒದಗಿಸುವ ದಾರಿ ಇರಲಿಲ್ಲ. ವಿಮಾನದಿಂದ ಸಾಮಾನು ಇಳಿಸುತ್ತಿದ್ದರು, ಅದು ಎಷ್ಟು ದಿನ ನಡೆಯುತ್ತದೆ? ಕೊನೆಗೆ ರಂಗೂನ್ ಇನ್ನು 80 ಕಿಲೋಮೀಟರ್ ಇರುವಾಗ ಪೆಗು ಊರಿನ ಹತ್ತಿರ ಮಳೆ ಹಿಡಿದುಕೊಂಡಿತು. ಮೇ 3ರಂದು ರಂಗೂನಿಗೆ ಮೊದಲು ಹೊಕ್ಕವರು ಸಮುದ್ರದಿಂದ ಹಡಗಿನಲ್ಲಿ ಬಂದ ಬೇರೆ ಪಡೆಯವರು.

ನನ್ನ ಮಾಮು ಇಲಕಲ್ ಗ್ರಾನೈಟ್ ಸಾಗಿಸುವ ಲಾರಿ ಓಡಿಸುತ್ತಾರೆ. ಅವರ ಪ್ರಕಾರ ಖಾಲಿ ಲಾರಿ ಬೇರೆ ಗಾಡಿ, ಕಲ್ಲು ತುಂಬಿದ ಲಾರಿ ಬೇರೆ ಗಾಡಿ. ಎಂಜಿನ್ ಒಂದೇ ಆದರೂ. ಸೈನ್ಯವೂ ಹಾಗೆಯೇ. ಟ್ಯಾಂಕು ಗಂಟೆಗೆ 50 ಕಿಲೋಮೀಟರ್ ಓಡಬಲ್ಲದು ಅಂದರೆ ಸೈನ್ಯ ಗಂಟೆಗೆ 50 ಕಿಲೋಮೀಟರ್ ಹೋಗುತ್ತದೆ ಎಂದಲ್ಲ. ಅದರ ಹಿಂದೆ ಪೆಟ್ರೋಲ್ ಲಾರಿ ಬರಬೇಕು, ಮದ್ದುಗುಂಡು ಬರಬೇಕು, ರೊಟ್ಟಿ ಬರಬೇಕು, ಗಾಯಗೊಂಡವರನ್ನು ಹಿಂದಕ್ಕೆ ಒಯ್ಯಬೇಕು. ಸಾಲಿನಲ್ಲಿ ಎಲ್ಲಕ್ಕಿಂತ ನಿಧಾನದ ಗಾಡಿಯ ವೇಗವೇ ಸೈನ್ಯದ ವೇಗ. ಇನ್ನೂ ಒಂದು ಮಾತು: ಮುಂದೆ ಹೋದಷ್ಟೂ ಹಿಂದಿನ ದಾರಿ ಉದ್ದವಾಗುತ್ತದೆ. ಲಾಭ ಬೆಳೆದಂತೆ ಖರ್ಚೂ ಬೆಳೆಯುವ ಅಂಗಡಿಯ ಹಾಗೆ, ಒಂದು ದಿನ ಖರ್ಚು ಲಾಭವನ್ನು ನುಂಗುತ್ತದೆ, ಸೈನ್ಯ ತಾನಾಗಿ ನಿಲ್ಲುತ್ತದೆ.

ಈಗ ಕಾಶ್ಮೀರ. 1947ರ ಅಕ್ಟೋಬರ್ 22ರಂದು ದಾಳಿಕೋರರು ಲಾರಿಗಳಲ್ಲಿ ಮುಜಫರಾಬಾದ್ ದಾರಿಯಿಂದ ಬಂದರು. ಶ್ರೀನಗರಕ್ಕೆ ಒಳ್ಳೆಯ ರಸ್ತೆ, ಎರಡು ದಿನ ಸಾಕಿತ್ತು. ಉರಿಯ ಹತ್ತಿರ ಮಹಾರಾಜರ ಸೈನ್ಯದ ಬ್ರಿಗೇಡಿಯರ್ ರಾಜಿಂದರ್ ಸಿಂಗ್ ಸೇತುವೆ ಉಡಾಯಿಸಿ ಅವರನ್ನು ತಡೆದರು. ಆಮೇಲೆ ದಾಳಿಕೋರರು ಬಾರಾಮುಲ್ಲಾದಲ್ಲಿ ಲೂಟಿಗೆ ನಿಂತರು. ಅದೇ ಊರಿನ ಮಕ್ಬೂಲ್ ಶೇರ್ವಾನಿ ಎಂಬ ತರುಣ ಅವರಿಗೆ ತಪ್ಪು ದಾರಿ ಹೇಳಿ ಇನ್ನಷ್ಟು ತಡಮಾಡಿದ ಎಂದು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ. ಅವನನ್ನು ಅವರು ಕೊಂದರು. ನಮಗಿಂತ ಒಂದೆರಡು ವರ್ಷ ದೊಡ್ಡವನು ಅಷ್ಟೇ. ಹಾಗೆ ಸಿಕ್ಕ ನಾಲ್ಕೈದು ದಿನದಲ್ಲೇ, 27ರ ಬೆಳಿಗ್ಗೆ, ನಮ್ಮ ಸೈನಿಕರ ವಿಮಾನಗಳು ಶ್ರೀನಗರದಲ್ಲಿ ಇಳಿದವು.

ತಿಮ್ಮಯ್ಯನವರು ಆಗ ಪಂಜಾಬಿನಲ್ಲಿದ್ದರು. ದೇಶ ಒಡೆದಾಗ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೊರಟ ನಿರಾಶ್ರಿತರ ಸಾಲುಗಳನ್ನು ಕಾಯುವ ಕೆಲಸ. ಲಕ್ಷಾಂತರ ಜನ, ಎತ್ತಿನ ಗಾಡಿ, ಮಕ್ಕಳು, ಮುದುಕರು. ಇದೂ ಒಂದು ಸಾಗಾಟವೇ, ಆದರೆ ಇದರ ಖಾತೆ ಬರೆಯಲು ಕೈ ಬರುವುದಿಲ್ಲ.

1948ರ ಮೇ ತಿಂಗಳಲ್ಲಿ ಮೇಜರ್ ಜನರಲ್ ಆಗಿ ಅವರು ಶ್ರೀನಗರದ ಡಿವಿಜನ್ ವಹಿಸಿಕೊಂಡರು. ಅಷ್ಟರಲ್ಲಿ ಲಡಾಖ್ ಕೈತಪ್ಪುವ ಹಂತಕ್ಕೆ ಬಂದಿತ್ತು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಜೋಜಿಲಾ, ದ್ರಾಸ್, ಕಾರ್ಗಿಲ್ ಮೇಲೆ ಹೋಗುತ್ತದೆ. ಕಾರ್ಗಿಲ್ ಮೇ ತಿಂಗಳಲ್ಲಿ, ದ್ರಾಸ್ ಜೂನಿನಲ್ಲಿ ಎದುರಾಳಿಗಳ ಪಾಲಾದವು. ಲೇಹ್‌ನಲ್ಲಿ ಇದ್ದದ್ದು ಬೆರಳೆಣಿಕೆಯ ಸೈನಿಕರು. ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಒಂದು ಡಕೋಟಾ ವಿಮಾನವನ್ನು ಹಿಮಾಲಯದ ಮೇಲೆ ಹಾರಿಸಿ, ಸಿಂಧೂ ನದಿಯ ಪಕ್ಕದ ಹೊಸ ಮಣ್ಣಿನ ಓಡುದಾರಿಯಲ್ಲಿ ಇಳಿಸಿದರು. ಎತ್ತರ ಹತ್ತು ಸಾವಿರ ಅಡಿಗೂ ಮೇಲೆ. ಹಿಂದೆ ಯಾರೂ ಅಲ್ಲಿ ವಿಮಾನ ಇಳಿಸಿರಲಿಲ್ಲ. ಆ ವಿಮಾನದಲ್ಲಿ ಜೊತೆಗೆ ಕುಳಿತು ಹೋದವರು ತಿಮ್ಮಯ್ಯ. ಜನರಲ್ ಆದವರು ಹೋಗಲೇಬೇಕೆಂದಿರಲಿಲ್ಲ. ಆದರೆ ಮೇಲಧಿಕಾರಿಯೇ ಕುಳಿತ ಮೇಲೆ ಬೇರೆ ವಿಮಾನಗಳವರು ಆಗದು ಎನ್ನುವುದು ಹೇಗೆ?

ವಿಮಾನದಿಂದ ಲೇಹ್ ಬದುಕಿತು, ಆದರೆ ಎಷ್ಟು ದಿನ? ಒಂದು ಡಕೋಟಾ ಹೊರುವುದು ಕೆಲವೇ ಟನ್. ಚಳಿಗಾಲದಲ್ಲಿ ಮೋಡ, ಹಿಮ. ನವೆಂಬರ್ ದಾಟಿದರೆ ಜೋಜಿಲಾ ಹಿಮದಲ್ಲಿ ಮುಚ್ಚಿಹೋಗುತ್ತದೆ, ಮತ್ತೆ ಬಾಯಿ ತೆರೆಯುವುದು ಬೇಸಿಗೆಗೆ. ಅಷ್ಟರಲ್ಲಿ ದಾರಿ ಸಿಗದಿದ್ದರೆ ಲೇಹ್‌ನ ಸೈನಿಕರೂ ಜನರೂ ಹಸಿವಿಗೆ ಅಥವಾ ಶತ್ರುವಿಗೆ ಸಿಗಬೇಕು. ಉತ್ತರದ ಸ್ಕರ್ದು ಕೋಟೆ ಆರು ತಿಂಗಳು ಮುತ್ತಿಗೆ ತಾಳಿಕೊಂಡು ಆಗಸ್ಟ್‌ನಲ್ಲಿ ಬಿದ್ದಿತ್ತು. ಅಲ್ಲಿ ಸೆರೆಸಿಕ್ಕವರಿಗೆ ಏನಾಯಿತೆಂಬುದು ಎಲ್ಲರಿಗೂ ಗೊತ್ತಿತ್ತು. ಇದು ತಿಮ್ಮಯ್ಯನವರ ಮುಂದಿದ್ದ ಗಡುವು.

ಜೋಜಿಲಾ ಸುಮಾರು 11,500 ಅಡಿ ಎತ್ತರದ ಇಕ್ಕಟ್ಟಾದ ಕಣಿವೆ. ಎರಡೂ ಕಡೆ ಬಂಡೆ. ಬಂಡೆಯ ಗವಿಗಳಲ್ಲಿ ಎದುರಾಳಿಯ ಮಷಿನ್‌ಗನ್. ಕೆಳಗಿನಿಂದ ಬಂದವನು ಕಾಣುವ ಮೊದಲೇ ಸಾಯುತ್ತಿದ್ದ. ಸೆಪ್ಟೆಂಬರಿನಲ್ಲಿ ಕಾಲಾಳುಗಳ ದಾಳಿ ಎರಡು ಸಲ ಸೋತಿತು. ವಿಮಾನದ ಬಾಂಬು, ಫಿರಂಗಿ ಗುಂಡು ಗವಿಯೊಳಗೆ ಹೋಗಲಿಲ್ಲ. ಆಗ ತಿಮ್ಮಯ್ಯನವರು ಹಿಡಿದ ವಿಚಾರ ಕೇಳಿದವರಿಗೆ ಹುಚ್ಚು ಅನ್ನಿಸಿರಬೇಕು. ಟ್ಯಾಂಕು ತರೋಣ.

ಟ್ಯಾಂಕು ಇದ್ದದ್ದು ಜಮ್ಮುವಿನ ಕಡೆ, 7ನೇ ಲೈಟ್ ಕ್ಯಾವಲ್ರಿಯ ಹತ್ತಿರ. ಅಮೆರಿಕದಲ್ಲಿ ತಯಾರಾದ ಸ್ಟುವರ್ಟ್ ಎಂಬ ಹಗುರ ಟ್ಯಾಂಕು. ಹಗುರ ಅಂದರೆ 15 ಟನ್! ಜಮ್ಮುವಿನಿಂದ ಶ್ರೀನಗರಕ್ಕೆ 300 ಕಿಲೋಮೀಟರ್ ಘಟ್ಟದ ದಾರಿ, ನಡುವೆ ಬನಿಹಾಲ್ ಕಣಿವೆ. ದಾರಿಯ ಸೇತುವೆಗಳು ಅಷ್ಟು ಭಾರ ತಾಳುವಂಥವಲ್ಲ. ಆದ್ದರಿಂದ ಟ್ಯಾಂಕಿನ ಮೇಲಿನ ಗೋಪುರ, ಅಂದರೆ ತೋಪು ಇರುವ ತಲೆಯ ಭಾಗವನ್ನೇ ಬಿಚ್ಚಿ ಬೇರೆ ಸಾಗಿಸಿದರು. ಕೆಲವು ಸೇತುವೆಗಳಲ್ಲಿ ಟ್ಯಾಂಕನ್ನು ಹಗ್ಗ ಕಟ್ಟಿ ಯಂತ್ರದಿಂದ ಎಳೆದು ದಾಟಿಸಿದರು. ತಾಡಪತ್ರಿ ಹೊದಿಸಿ ರಾತ್ರಿ ಹೊತ್ತು ಸಾಗಿಸಿದರು. ಶ್ರೀನಗರದಲ್ಲಿ ಕರ್ಫ್ಯೂ ಹಾಕಿ ಯಾರಿಗೂ ಕಾಣದಂತೆ ದಾಟಿಸಿದರು. ತಲೆ ಬಿಚ್ಚಿದ ಟ್ಯಾಂಕು ತಾಡಪತ್ರಿಯೊಳಗೆ ಟ್ಯಾಂಕಿನ ಹಾಗೆ ಕಾಣುವುದಿಲ್ಲ ಎಂಬುದು ಇನ್ನೊಂದು ಅನುಕೂಲ.

ಇಷ್ಟಾದರೂ ಕಣಿವೆ ಏರಲು ದಾರಿ ಇಲ್ಲ. ಇದ್ದದ್ದು ಹೇಸರಗತ್ತೆ ನಡೆಯುವ ಕಾಲುದಾರಿ. ಅದನ್ನು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಹೆಸರು ಮದ್ರಾಸಿನದಾದರೂ ಅವರ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಹಲಸೂರು ಕೆರೆಯ ಹತ್ತಿರ. ಮೇಲಿನಿಂದ ಗುಂಡು ಹಾರುತ್ತಿರುವಾಗ, ಮೈ ಕೊರೆಯುವ ಚಳಿಯಲ್ಲಿ, ಬಂಡೆ ಒಡೆದು ದಾರಿ ಮಾಡಿದರು. ಇವರ ಹೆಸರು ಪುಸ್ತಕಗಳಲ್ಲಿ ಒಂದು ಸಾಲಿಗೆ ಮುಗಿಯುತ್ತದೆ. ನನ್ನ ಲೆಕ್ಕದಲ್ಲಿ ಅರ್ಧ ಯುದ್ಧ ಗೆದ್ದವರು ಅವರೇ.

ಮೇಲೆ ಒಪ್ಪಿಗೆ ಕೊಡಬೇಕಾದವರು ಪಶ್ಚಿಮ ಕಮಾಂಡಿನ ಕಾರ್ಯಪ್ಪನವರು, ಅವರೂ ಕೊಡಗಿನವರೇ. ಹವಾಮಾನ ಕೆಟ್ಟು ದಾಳಿಯ ದಿನ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರ್ 1, 1948. ಹಿಮ ಬಿದ್ದಿತ್ತು. ಟ್ಯಾಂಕುಗಳು ಒಂದರ ಹಿಂದೆ ಒಂದು ಕಣಿವೆಯೊಳಗೆ ಹೋದವು. ಮುಂದಿನ ಟ್ಯಾಂಕುಗಳ ಜೊತೆ ತಿಮ್ಮಯ್ಯನವರೇ ಇದ್ದರು. ಅಷ್ಟು ಎತ್ತರದಲ್ಲಿ ಆವರೆಗೆ ಯಾರೂ ಟ್ಯಾಂಕಿನಿಂದ ಕಾದಿರಲಿಲ್ಲ. ಗವಿಗಳ ಬಾಯಿಗೆ ನೇರ ತೋಪು ಇಟ್ಟು ಹೊಡೆದರು. ಎರಡು ತಿಂಗಳು ಅಲುಗದ ಕಣಿವೆ ಅದೇ ದಿನ ತೆರೆಯಿತು.

ಅಲ್ಲಿಂದ ಓಟ ಅಂತ ತಿಳಿದುಕೊಂಡಿದ್ದೆ. ಇಲ್ಲ. ಜೋಜಿಲಾದಿಂದ ಕಾರ್ಗಿಲ್ ಸುಮಾರು ನೂರು ಕಿಲೋಮೀಟರ್. ಮಟಾಯನ್ ಬೇಗ ಸಿಕ್ಕಿತು. ಅದರ ಮುಂದಿನ ಇಕ್ಕಟ್ಟಿನಲ್ಲಿ ಮತ್ತೆ ತಡೆ, ದಿನಗಟ್ಟಲೆ ಕಾದಾಟ. ದ್ರಾಸ್ ಸೇರಿದ್ದು 15ಕ್ಕೆ. ಕಾರ್ಗಿಲ್‌ನಲ್ಲಿ ಲೇಹ್ ಕಡೆಯಿಂದ ಬಂದ ಪಡೆಯ ಜೊತೆ ಕೈಕುಲುಕಿದ್ದು 24ಕ್ಕೆ. ಒಟ್ಟು 24 ದಿನ, ದಿನಕ್ಕೆ ಸರಾಸರಿ ನಾಲ್ಕು ಕಿಲೋಮೀಟರ್ ಚಿಲ್ಲರೆ. ನವನಗರದಿಂದ ಹಳೇ ಬಾಗಲಕೋಟೆಗೆ ಹೋದಷ್ಟು. ಸೈನಿಕರ ಮೈಮೇಲೆ ಆ ಚಳಿಗೆ ತಕ್ಕ ಬಟ್ಟೆ ಇರಲಿಲ್ಲ. ಗುಂಡಿಗಿಂತ ಹಿಮಕ್ಕೇ ಕಾಲು ಬೆರಳು ಕಳೆದುಕೊಂಡವರು ಬಹಳ. ಆದರೂ ಪೂರ್ತಿ ಚಳಿಗಾಲ ಬರುವ ಮೊದಲು ಲೇಹ್‌ನ ದಾರಿ ಕೈಗೆ ಬಂತು. ಜನವರಿ 1, 1949ಕ್ಕೆ ಕದನವಿರಾಮ. ಅಷ್ಟರೊಳಗೆ ಆ ದಾರಿ ನಮ್ಮದಾಗಿರದಿದ್ದರೆ ಇವತ್ತಿನ ನಕ್ಷೆಯಲ್ಲಿ ಲಡಾಖ್ ಎಲ್ಲಿರುತ್ತಿತ್ತು ಎಂದು ಭೂಪಟ ತೆಗೆದು ನೀವೇ ನೋಡಿ.

ಅದೇ ಯುದ್ಧದಲ್ಲಿ ದಕ್ಷಿಣದ ನೌಶೇರಾ ಕಡೆ ಇದ್ದ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರನ್ನು ನಮ್ಮ ಕಾಲೇಜಿನಲ್ಲಿ ಎಲ್ಲರೂ ಬಲ್ಲರು. ಕಳೆದುಕೊಂಡ ಝಂಗರ್ ವಾಪಸ್ ಸಿಗುವವರೆಗೆ ಮಂಚದ ಮೇಲೆ ಮಲಗದವರು. ಝಂಗರ್ ಮಾರ್ಚ್‌ನಲ್ಲಿ ಸಿಕ್ಕಿತು, 1948ರ ಜುಲೈ 3ರಂದು ಅದೇ ಝಂಗರ್‌ನಲ್ಲಿ ಫಿರಂಗಿ ಗುಂಡಿಗೆ ತೀರಿಕೊಂಡರು. ಅವರ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.

ಮೊದಲು ಹೇಳಿದ ಹೈದರಾಬಾದಿನ ಮಾತಿಗೆ ಒಮ್ಮೆ ಹಿಂದಿರುಗುತ್ತೇನೆ. ಆಗ ಇಲಕಲ್, ಹುನಗುಂದ ಮುಂಬೈ ಪ್ರಾಂತದಲ್ಲಿದ್ದವು. ಇಲಕಲ್ಲಿನಿಂದ ಕೆಲವೇ ಮೈಲಿ ಆಚೆ, ಕುಷ್ಟಗಿ ಸೀಮೆಯಲ್ಲಿ, ನಿಜಾಮರ ರಾಜ್ಯ. ಹೈದರಾಬಾದಿಗೆ ದಂಡು ಅಷ್ಟು ಬೇಗ ಹೋದದ್ದಕ್ಕೆ ಕಾರಣ ಸರಳ: ಬಯಲು ನಾಡು, ಡಾಂಬರು ರಸ್ತೆ, ಎದುರಿಗೆ ಸರಿಯಾದ ಟ್ಯಾಂಕು ವಿಮಾನಗಳಿಲ್ಲ. ಅದಕ್ಕೆ ಮೊದಲೂ ಆಮೇಲೂ ಆ ಸೀಮೆಯ ಹಳ್ಳಿಗಳಲ್ಲಿ ಸಾಮಾನ್ಯ ಜನ, ಎರಡೂ ಧರ್ಮದವರು, ಪಟ್ಟ ಕಷ್ಟ ಸಾವುನೋವು ಐದು ದಿನದಲ್ಲಿ ಮುಗಿಯಲಿಲ್ಲ. ಸೈನ್ಯದ ವೇಗ ಕಿಲೋಮೀಟರಿನಲ್ಲಿ ಸಿಗುತ್ತದೆ, ಇದು ಸಿಗುವುದಿಲ್ಲ.

1953ರಲ್ಲಿ ತಿಮ್ಮಯ್ಯನವರನ್ನು ಕೊರಿಯಾಕ್ಕೆ ಕಳಿಸಿದರು. ಆ ಯುದ್ಧವೂ ವಿಚಿತ್ರ. 1950ರ ಜೂನ್ 25ರಂದು ಉತ್ತರದವರು ಹೊರಟು ಮೂರನೇ ದಿನಕ್ಕೆ ಸೋಲ್ ಹಿಡಿದರು. ಅಮೆರಿಕದವರು ಸೆಪ್ಟೆಂಬರಿನಲ್ಲಿ ಹಿಂದಿನಿಂದ ಇಂಚೋನ್‌ನಲ್ಲಿ ಇಳಿದು ಅವರನ್ನು ಚೀನಾದ ಗಡಿಯವರೆಗೆ ಅಟ್ಟಿದರು. ಚಳಿಗಾಲದಲ್ಲಿ ಚೀನೀಯರು ಕಾಲ್ನಡಿಗೆಯಲ್ಲಿ ಬಂದು ಮತ್ತೆ ಸೋಲ್‌ನಿಂದ ಕೆಳಕ್ಕೆ ತಳ್ಳಿದರು. ಒಂದು ವರ್ಷ ಹೀಗೆ ಮೇಲೆ ಕೆಳಗೆ ಓಡಾಡಿದವರು ಉಳಿದ ಎರಡು ವರ್ಷ ಹೆಚ್ಚೂಕಡಿಮೆ ಒಂದೇ ಗೆರೆಯಲ್ಲಿ ನೆಲ ತೋಡಿ ಕುಳಿತರು. ಯುದ್ಧ ನಿಂತಾಗ ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಸೆರೆಯಾಳುಗಳು ಉಳಿದರು. ಅವರ ವಿಚಾರ ತೀರ್ಮಾನಿಸುವ ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರು ತಿಮ್ಮಯ್ಯ. ಸೆರೆಯಾಳುಗಳನ್ನು ಕಾದ ಭಾರತೀಯ ಪಡೆಯ ಮುಖ್ಯಸ್ಥರು ಕಾಂಗಾವ್‌ನ ಹಳೆಯ ಜೊತೆಗಾರ ಥೋರಾಟ್. ಎರಡೂ ಪಕ್ಷದವರು ಬೈದರು, ಬೆದರಿಸಿದರು. ಇವರು ತಾಳ್ಮೆ ಬಿಡಲಿಲ್ಲ. ಯಾವ ಕಡೆಗೂ ಹೋಗಲೊಲ್ಲದ 88 ಜನ ಕೊನೆಗೆ ಭಾರತದ ಪಡೆಯ ಜೊತೆ ಹಡಗು ಹತ್ತಿ ಇಲ್ಲಿಗೆ ಬಂದರು. 1954ರಲ್ಲಿ ತಿಮ್ಮಯ್ಯನವರಿಗೆ ಪದ್ಮಭೂಷಣ ಬಂತು.

1957ರ ಮೇ ತಿಂಗಳಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ಇಡೀ ಕತೆಯಲ್ಲಿ ನನಗೆ ಓದಲು ಕಷ್ಟವಾದದ್ದು ಈ ನಾಲ್ಕು ವರ್ಷ. ಚೀನಾ ಟಿಬೆಟ್‌ನಲ್ಲಿ ರಸ್ತೆ ಮೇಲೆ ರಸ್ತೆ ಮಾಡುತ್ತಿತ್ತು. ನಮ್ಮ ಕಡೆ ಗಡಿಗೆ ಹೋಗಬೇಕೆಂದರೆ ದಿನಗಟ್ಟಲೆ ನಡೆಯಬೇಕಿತ್ತು. ಜೋಜಿಲಾದಲ್ಲಿ ದಾರಿಯ ಬೆಲೆ ಕಂಡವರಿಗೆ ಇದರ ಅರ್ಥ ಗೊತ್ತಿತ್ತು. ಪೂರ್ವ ಕಮಾಂಡಿನಲ್ಲಿದ್ದ ಥೋರಾಟ್ ಒಂದು ಯೋಜನೆ ಮಾಡಿದರು. ಗಡಿಯ ತುದಿಯಲ್ಲಿ ಕಾದಾಡುವುದು ಬೇಡ; ಎದುರಾಳಿ ಒಳಗೆ ಬರಲಿ, ಅವನ ಸಾಗಾಟದ ದಾರಿ ಉದ್ದವಾಗಲಿ, ನಮ್ಮದು ಗಿಡ್ಡವಿರಲಿ, ಬೊಮ್ಡಿಲಾ ಹತ್ತಿರದ ಗಟ್ಟಿ ಜಾಗದಲ್ಲಿ ತಡೆಯೋಣ ಎಂಬುದು ಅದರ ತಿರುಳು. ತಿಮ್ಮಯ್ಯನವರು ಅದನ್ನು ಒಪ್ಪಿ ಮೇಲೆ ಕಳಿಸಿದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಒಪ್ಪಲಿಲ್ಲ.

ಇಬ್ಬರ ನಡುವೆ ಮೊದಲೇ ಸರಿ ಇರಲಿಲ್ಲ. 1959ರ ಆಗಸ್ಟ್ ಕೊನೆಯಲ್ಲಿ ತಿಮ್ಮಯ್ಯನವರು ರಾಜೀನಾಮೆ ಕೊಟ್ಟರು. ನೆಹರೂ ಕರೆಸಿ ಮಾತಾಡಿ ವಾಪಸ್ ತೆಗೆದುಕೊಳ್ಳುವಂತೆ ಮಾಡಿದರು. ಸುದ್ದಿ ಪತ್ರಿಕೆಗಳಿಗೆ ಸಿಕ್ಕಿತು. ಆಮೇಲೆ ಸಂಸತ್ತಿನಲ್ಲಿ ಅದೇ ನೆಹರೂ ಅವರನ್ನೇ ಆಕ್ಷೇಪಿಸಿದರು. ರಾಜೀನಾಮೆ ವಾಪಸ್ ಪಡೆಯಬಾರದಿತ್ತು ಎನ್ನುವವರಿದ್ದಾರೆ. ಸೇನೆ ಸರ್ಕಾರಕ್ಕೆ ತಗ್ಗಿ ನಡೆಯಬೇಕು ಎಂದು ಅವರು ತಗ್ಗಿದರು ಎನ್ನುವವರೂ ಇದ್ದಾರೆ. ನೆರೆಯ ದೇಶಗಳಲ್ಲಿ ಆ ವರ್ಷಗಳಲ್ಲಿ ಸೇನೆಯವರು ಏನು ಮಾಡಿದರೆಂದು ನೋಡಿದರೆ ನನಗೆ ಎರಡನೆಯ ಮಾತೇ ಹೆಚ್ಚು ಸರಿ ಕಾಣುತ್ತದೆ. ಆದರೆ ಅವರ ಮಾತಿಗೆ ತೂಕ ಕಡಿಮೆಯಾದದ್ದು ನಿಜ. 1961ರ ಮೇ ತಿಂಗಳಲ್ಲಿ ನಿವೃತ್ತರಾದರು. 1962ರ ಜುಲೈನಲ್ಲಿ ಸೆಮಿನಾರ್ ಎಂಬ ಪತ್ರಿಕೆಯಲ್ಲಿ, ಚೀನಾದ ಜೊತೆ ಭಾರತ ಒಂಟಿಯಾಗಿ ಪೂರ್ಣ ಯುದ್ಧ ಮಾಡುವ ಸ್ಥಿತಿಯಲ್ಲಿಲ್ಲ ಎಂಬ ಅರ್ಥದ ಲೇಖನ ಬರೆದರು.

ಮೂರು ತಿಂಗಳಿಗೆ ಯುದ್ಧ ಬಂತು. ಅಕ್ಟೋಬರ್ 20ರಂದು ಚೀನೀಯರು ಹೊರಟು ನಾಲ್ಕೈದು ದಿನದಲ್ಲಿ ತವಾಂಗ್ ಹಿಡಿದರು. ಆಮೇಲೆ ಮೂರು ವಾರ ಸುಮ್ಮನಿದ್ದರು. ಸುಮ್ಮನಿದ್ದರು ಅಂದರೆ ಗಡಿಯಿಂದ ತವಾಂಗ್‌ಗೆ ರಸ್ತೆ ಮಾಡುತ್ತಿದ್ದರು. ನವೆಂಬರ್ 17ಕ್ಕೆ ಮತ್ತೆ ಎದ್ದರು. ನಮ್ಮವರು ರಸ್ತೆ ಕಾದು ಕುಳಿತಿದ್ದರೆ ಅವರು ಬೆಟ್ಟದ ಕಾಲುದಾರಿಗಳಿಂದ ಸುತ್ತಿ ಬಂದು ಹಿಂದಿನ ರಸ್ತೆಯನ್ನೇ ಕತ್ತರಿಸಿದರು. ಸೇಲಾ, ಬೊಮ್ಡಿಲಾ ಎರಡು ದಿನದಲ್ಲಿ ಹೋದವು, 20ರ ಹೊತ್ತಿಗೆ ಬೆಟ್ಟದ ಬುಡ ಮುಟ್ಟಿದರು. 21ರಂದು ತಾವಾಗಿ ಯುದ್ಧ ನಿಲ್ಲಿಸಿದರು. ತಿಮ್ಮಯ್ಯನವರು ಆಗ ಸೇನೆಯಲ್ಲಿ ಇರಲಿಲ್ಲ, ನಾಡಿನಲ್ಲಿ ಕುಳಿತು ಪತ್ರಿಕೆಯಲ್ಲಿ ಓದಬೇಕಾಯಿತು.

1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ ದ್ವೀಪಕ್ಕೆ ಕರೆಯಿತು. ಗ್ರೀಕರು, ತುರ್ಕರು ಒಂದೇ ಊರಿನ ಎರಡು ಓಣಿಗಳಿಂದ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದ ಕಾಲ. ಅಲ್ಲಿ ಅವರ ಕೆಲಸ ಯಾರೂ ಮುಂದೆ ಹೋಗದಂತೆ ನೋಡಿಕೊಳ್ಳುವುದು. ಜೀವಮಾನವಿಡೀ ಸೈನ್ಯವನ್ನು ಮುಂದೆ ಒಯ್ಯಲು ಹೆಣಗಿದವರಿಗೆ ಇದು ಬೇರೆಯೇ ನೌಕರಿ. ಎರಡೂ ಕಡೆಯವರು ಅವರನ್ನು ನಂಬಿದರು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 59. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದರು. ಮರುವರ್ಷ ಸೈಪ್ರಸ್ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.

ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿಸೈಡ್’ ಬಹಳ ವರ್ಷ ಸರ್ಕಾರಿ ಕಚೇರಿಯಾಗಿತ್ತು. 2021ರ ಫೆಬ್ರವರಿಯಲ್ಲಿ ಅದನ್ನು ವಸ್ತುಸಂಗ್ರಹಾಲಯ ಮಾಡಿ ರಾಷ್ಟ್ರಪತಿಗಳು ಉದ್ಘಾಟಿಸಿದರು. ಬಾಗಲಕೋಟೆಯಿಂದ ಅಲ್ಲಿಗೆ ಸುಮಾರು 600 ಕಿಲೋಮೀಟರ್. ಸೊಲ್ಲಾಪುರದ ದಂಡಿನ ವೇಗದಲ್ಲಿ ಹತ್ತು ದಿನ, ಕಾಲೇಜಿನ ಪ್ರವಾಸದ ಬಸ್ಸಿನಲ್ಲಿ ಒಂದು ರಾತ್ರಿ ಸಾಕು. ಈ ವರ್ಷದ ಪ್ರವಾಸದ ಪಟ್ಟಿ ಇನ್ನೂ ಆಗಿಲ್ಲ ಎಂದು ಕೇಳಿದ್ದೇನೆ, ಗುರುಗಳು ಗಮನಿಸಬೇಕು.